ಕಂಪನಿ ಕೆಲಸ ಬಿಟ್ಟು ಸ್ವಂತ ಮ್ಯಾಕ್ ಆ್ಯಪ್ ಮಾರಿ ಬದುಕಬಹುದಾ? ಪುಣೆ, ಮುಂಬೈ, ಗೋವಾ ಕಡೆಯವರು ಹೇಳಿ

ಹಿಂಜವಡಿ_ಹುಬ್ಬಳ್ಳಿ

ನಮಸ್ಕಾರ ಎಲ್ಲರಿಗೂ. ನಾನು ಹುಬ್ಬಳ್ಳಿಯವನು. ಹಿಂಜವಡಿಯ ಒಂದು ಕಂಪನಿಯಲ್ಲಿ ಐಫೋನ್ ಆ್ಯಪ್ ಬರೆಯುವ ಕೆಲಸ. ರಾತ್ರಿ ಹೊತ್ತು, ಶನಿವಾರ ಭಾನುವಾರ ಕೂತು ಮ್ಯಾಕ್‌ಗೆ ಒಂದು ಸಣ್ಣ ಆ್ಯಪ್ ಮಾಡಿದ್ದೇನೆ. ಪರದೆಯ ಮೇಲಂಚಿನ ಪಟ್ಟಿಯಲ್ಲಿ, ಅಂದರೆ ಮೆನು ಬಾರ್‌ನಲ್ಲಿ, ಕೂತಿರುತ್ತದೆ, ಫೋಲ್ಡರ್‌ಗಳಲ್ಲಿ ಬಿದ್ದಿರುವ ಫೈಲ್‌ಗಳ ಒಳಗಿನ ಬರಹವನ್ನು ಹುಡುಕಿ ಕೊಡುತ್ತದೆ. ಗೆಳೆಯರು ಬಳಸುತ್ತಿದ್ದಾರೆ, ಚೆನ್ನಾಗಿದೆ ಅನ್ನುತ್ತಾರೆ. ಇದನ್ನೇ ನಂಬಿ ಕೆಲಸ ಬಿಡಬಹುದಾ ಅಂತ ಯೋಚನೆ. ಮನೆ ಸಾಲ ಇದೆ, ಊರಲ್ಲಿ ಅಪ್ಪ ಅಮ್ಮ ಇದ್ದಾರೆ.

ಒಬ್ಬರೇ ಕೂತು ಮ್ಯಾಕ್ ಸಾಫ್ಟ್‌ವೇರ್ ಮಾಡುವವರ ದಿನ ಹೇಗಿರುತ್ತದೆ? ಮ್ಯಾಕ್ ಆ್ಯಪ್ ಸ್ಟೋರ್‌ನಲ್ಲಿ ಮಾರಬೇಕಾ, ಸ್ವಂತ ವೆಬ್‌ಸೈಟ್‌ನಲ್ಲಾ? ಒಂದೇ ಸಲ ದುಡ್ಡು ತಗೊಳ್ಳುವುದಾ, ತಿಂಗಳ ಚಂದಾನಾ? ಬೇರೆ ಕಡೆ ಕೇಳಿದರೆ ಎಲ್ಲರೂ ಸ್ಟಾರ್ಟಪ್, ಫಂಡಿಂಗ್ ಅಂತ ಶುರು ಮಾಡುತ್ತಾರೆ. ನನಗೆ ಅದು ಬೇಡ. ಇದೇ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದರೆ ಹೇಳಿ.

ಔಂಧ್_ಮ್ಯಾಕ್

ಬದುಕಬಹುದು. ನಾನು ಬದುಕುತ್ತಿದ್ದೇನೆ. ಟೀಚರ್‌ಗಳು ಪಾಠ ರೆಕಾರ್ಡ್ ಮಾಡಿಕೊಳ್ಳುವ ಆ್ಯಪ್ ನನ್ನದು, ಗಿರಾಕಿಗಳು ಜಾಸ್ತಿ ಅಮೆರಿಕ, ಜರ್ಮನಿ, ಜಪಾನಿನವರು. ಆದರೆ ನೀವು ಏನನ್ನು ಮಾರುತ್ತೀರಿ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಗಿರಾಕಿ ಕೊಡುವ ದುಡ್ಡಿನಲ್ಲಿ ಇವತ್ತಿನ ಆ್ಯಪ್‌ನ ಪಾಲು ಕಡಿಮೆ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅದು ಕೈಕೊಡದೆ ನಡೆಯಲಿ ಅಂತ ನೋಡಿಕೊಳ್ಳುವ ದುಡಿಮೆಯ ಪಾಲೇ ಜಾಸ್ತಿ. ಬೆಲೆ, ಸ್ಟೋರ್, ಚಂದಾ ಎಲ್ಲವನ್ನೂ ಇದನ್ನು ಮನಸ್ಸಲ್ಲಿಟ್ಟುಕೊಂಡೇ ಯೋಚಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದಿನದ ವಿಷಯ ಕೇಳಿದಿರಿ. ನಾವು ಮಲಗಿದ್ದಾಗ ಅಮೆರಿಕದಲ್ಲಿ ಹಗಲು. ಹಾಗಾಗಿ ಬೆಳಿಗ್ಗೆ ಏಳುವಷ್ಟರಲ್ಲಿ ಮೇಲ್‌ಗಳು ಸಾಲಾಗಿ ಬಂದಿರುತ್ತವೆ. ಅರ್ಧ ದಿನ ಅದಕ್ಕೇ ಹೋಗುತ್ತದೆ, ಹೋಗಲೇಬೇಕು. ನಿಮ್ಮದು ಮೆನು ಬಾರ್ ಆ್ಯಪ್ ಅಂದಿರಲ್ಲ, ನಿಮಗೆ ಬರುವ ಮೇಲ್ ಒಂದನ್ನು ಈಗಲೇ ಹೇಳುತ್ತೇನೆ: "ನಿಮ್ಮ ಆ್ಯಪ್ ತೆರೆಯುತ್ತಲೇ ಇಲ್ಲ." ಆ್ಯಪ್ ಓಡುತ್ತಿರುತ್ತದೆ. 2021ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್‌ಬುಕ್ ಪ್ರೊಗಳಿಂದ ಪರದೆಯ ಮೇಲಂಚಿನ ನಡುವೆ ಕ್ಯಾಮೆರಾ ಇರುವ ಕಪ್ಪು ಭಾಗ, ನಾಚ್, ಇದೆ ಅಲ್ವಾ, ಐಕಾನ್‌ಗಳು ಜಾಸ್ತಿಯಾದರೆ ಕೆಲವು ಅದರ ಹಿಂದೆ ಹೋಗಿ ಕಾಣುವುದೇ ಇಲ್ಲ. ಇದಕ್ಕೆ ಉಪಾಯ ಸುಲಭ. ಅಪ್ಲಿಕೇಶನ್ಸ್ ಫೋಲ್ಡರ್‌ನಿಂದ ಎರಡನೇ ಸಲ ತೆರೆದರೆ ಒಂದು ಕಿಟಕಿ ಬರುವಂತೆ ಮಾಡಿ, ಕೀಬೋರ್ಡ್ ಶಾರ್ಟ್‌ಕಟ್ ಕೊಡಿ. ಇಂಥದ್ದು ಗೊತ್ತಾಗುವುದು ಮೇಲ್ ಓದಿದರೆ ಮಾತ್ರ. ನನ್ನ ಗಿರಾಕಿಗಳದ್ದು ಇನ್ನೊಂದು. 2024ರಲ್ಲಿ ಬಂದ ಮ್ಯಾಕ್‌ಓಎಸ್ (ಮ್ಯಾಕ್ ನಡೆಸುವ ಸಾಫ್ಟ್‌ವೇರ್) ಆವೃತ್ತಿ ಸಿಕ್ವೋಯಾದಿಂದ, ಸ್ಕ್ರೀನ್ ರೆಕಾರ್ಡ್ ಮಾಡುವ ಆ್ಯಪ್‌ಗೆ ಒಪ್ಪಿಗೆ ಇನ್ನೂ ಇದೆಯಾ ಅಂತ ಮ್ಯಾಕ್ ತಿಂಗಳಿಗೊಮ್ಮೆ ಮತ್ತೆ ಕೇಳುತ್ತದೆ. ಪಾಠದ ಮಧ್ಯೆ ಆ ಪ್ರಶ್ನೆ ಬಂದರೆ ಟೀಚರ್ ಗಾಬರಿಯಾಗುತ್ತಾರೆ. ಯಾಕೆ ಹಾಗೆ, ಏನು ಒತ್ತಬೇಕು ಅಂತ ಸಮಾಧಾನವಾಗಿ ಬರೆಯಬೇಕು. ನಕಲು ಉತ್ತರ ಅಂಟಿಸಬೇಡಿ. ಆ ವ್ಯಕ್ತಿಗೆ ಅದು ಮೊದಲ ಸಲ.

ಮಧ್ಯಾಹ್ನದ ಮೇಲೆ ಕೋಡ್. ಗುರುವಾರ ನಮ್ಮ ಕಡೆ ರಿಪೇರಿಗೆಂದು ಕರೆಂಟ್ ತೆಗೆಯುವುದುಂಟು, ಅವತ್ತು ಕ್ರ್ಯಾಶ್ ರಿಪೋರ್ಟ್ ಓದುತ್ತೇನೆ. ಮಾರಿದ ಪ್ರತಿ ಬಿಲ್ಡ್‌ನ ಡಿಸಿಮ್ (dSYM) ಫೈಲ್, ಅಂದರೆ ವಿಳಾಸದ ಅಂಕಿಯಿಂದ ಕೋಡ್‌ನ ಸಾಲು ಹುಡುಕಿಕೊಡುವ ಫೈಲ್, ಎತ್ತಿಡಿ, ಇಲ್ಲದಿದ್ದರೆ ರಿಪೋರ್ಟ್‌ನಲ್ಲಿ ನಿಮ್ಮ ಕೋಡ್‌ನ ಜಾಗದಲ್ಲಿ ಬರೀ ವಿಳಾಸದ ಅಂಕಿ ಕಾಣುತ್ತದೆ.

ಇನ್ನು ವರ್ಷದ ಲೆಕ್ಕ. ಜೂನ್‌ನಲ್ಲಿ ಡಬ್ಲ್ಯೂಡಬ್ಲ್ಯೂಡಿಸಿ, ಅಂದರೆ ಡೆವಲಪರ್‌ಗಳಿಗಾಗಿ ಆಪಲ್ ನಡೆಸುವ ಸಮ್ಮೇಳನ, ನಮಗೆ ಅದು ರಾತ್ರಿ 10:30ಕ್ಕೆ ಶುರು. ಅಲ್ಲಿಂದ ಸೆಪ್ಟೆಂಬರ್ ತನಕ ಹೊಸ ಓಎಸ್‌ನ ಬೀಟಾ (ಪರೀಕ್ಷಾ ಆವೃತ್ತಿ) ಮೇಲೆ ಆ್ಯಪ್ ಓಡಿಸುವುದು, ಮುರಿದದ್ದನ್ನು ಸರಿ ಮಾಡುವುದು. ಪುಣೆಯ ಮಳೆಗಾಲ ಪೂರ್ತಿ ನನಗೆ ಹೊಸ ಫೀಚರ್ ಬರೆಯುವ ಪುರುಸೊತ್ತೇ ಇರುವುದಿಲ್ಲ. 2019ರ ಕ್ಯಾಟಲಿನಾದಲ್ಲಿ 32 ಬಿಟ್ ಆ್ಯಪ್‌ಗಳು ಪೂರ್ತಿ ನಿಂತುಹೋದವು. ಹೊಸ ಓಎಸ್ ಹಾಕಿಕೊಂಡ ಮರುದಿನ ಎಷ್ಟೋ ಜನರ ಹಳೆಯ ಸಾಫ್ಟ್‌ವೇರ್ ತೆರೆಯಲಿಲ್ಲ. 2020ರ ನವೆಂಬರ್‌ನಲ್ಲಿ ಆಪಲ್‌ನ ಸ್ವಂತ ಚಿಪ್ ಎಂ1 ಬಂತು, ಅದು ಮತ್ತು ಹಳೆಯ ಇಂಟೆಲ್, ಎರಡು ಬಗೆಯ ಪ್ರೊಸೆಸರ್‌ಗೂ ಒಂದೇ ಆ್ಯಪ್ ಕಟ್ಟಬೇಕಾಯಿತು. 2025ರಲ್ಲಿ ಟಾಹೋ: ಕಿಟಕಿ, ಟೂಲ್‌ಬಾರ್, ಐಕಾನ್ ಎಲ್ಲದರ ರೂಪ ಬದಲು, ಓಎಸ್ ನಂಬರ್ 15ರಿಂದ ನೇರ 26ಕ್ಕೆ. ಇಂಟೆಲ್ ಮ್ಯಾಕ್‌ಗಳಿಗೆ ಅದೇ ಕೊನೆಯ ಓಎಸ್. ಹಾಗಂತ ಇಂಟೆಲ್ ಗಿರಾಕಿಗಳನ್ನು ಕೈಬಿಡುವ ಹಾಗಿಲ್ಲ, ಪರೀಕ್ಷೆಗೆ ಒಂದು ಹಳೆಯ ಇಂಟೆಲ್ ಯಂತ್ರ ಇಟ್ಟುಕೊಳ್ಳಲೇಬೇಕು. ಆಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ 12ರಿಂದ ಈಚಿನ ಮ್ಯಾಕ್‌ಓಎಸ್‌ಗಳನ್ನು ವರ್ಚುವಲ್ ಮಷಿನ್‌ನಲ್ಲಿ (ಮ್ಯಾಕ್ ಒಳಗೇ ಓಡುವ ಸಾಫ್ಟ್‌ವೇರ್ ಮ್ಯಾಕ್‌ನಲ್ಲಿ) ಓಡಿಸಬಹುದು, ಒಂದು ಸಲಕ್ಕೆ ಎರಡು. ದುಡ್ಡು ಉಳಿಯುತ್ತದೆ.

ಐಫೋನ್‌ನಿಂದ ಬರುವವರಿಗೆ ಒಂದು ಮಾತು. ಮ್ಯಾಕ್ ಬಳಸುವವರು ಬೆರಳಿಗಿಂತ ಕೀಬೋರ್ಡ್ ನಂಬಿದವರು. ಅನ್‌ಡೂ ಎಲ್ಲ ಕಡೆ ಇರಬೇಕು, ಎಳೆದು ಬಿಡುವುದು ನಡೆಯಬೇಕು, ಮೆನುವಿನಲ್ಲಿ ಎಲ್ಲ ಕೆಲಸವೂ ಸಿಗಬೇಕು, ಒಂದಕ್ಕಿಂತ ಹೆಚ್ಚು ಕಿಟಕಿ ತೆರೆಯಬೇಕು. ಸ್ವಿಫ್ಟ್‌ಯುಐ (ಕಿಟಕಿ, ಬಟನ್ ಕಟ್ಟುವ ಆಪಲ್‌ನ ಹೊಸ ಸಾಧನ) 2019ರಲ್ಲಿ ಬಂತು, ಸೆಟ್ಟಿಂಗ್ಸ್ ಕಿಟಕಿಗೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಸಾವಿರಾರು ಸಾಲಿನ ಪಟ್ಟಿ, ಪಠ್ಯ ತಿದ್ದುವ ಜಾಗ, ಇದಕ್ಕೆಲ್ಲ ಹಳೆಯ ಸಾಧನ ಆ್ಯಪ್‌ಕಿಟ್ ಕಲಿಯಿರಿ. ಅದರ ಬೇರು ನೆಕ್ಸ್ಟ್ ಕಂಪನಿಯ ಓಎಸ್ ಆದ ನೆಕ್ಸ್ಟ್‌ಸ್ಟೆಪ್‌ನಲ್ಲಿದೆ, ಆಪಲ್ 1996ರ ಡಿಸೆಂಬರ್‌ನಲ್ಲಿ ನೆಕ್ಸ್ಟ್ ಕಂಪನಿ ಕೊಳ್ಳುವುದಾಗಿ ಹೇಳುವ ಮೊದಲೇ ಹುಟ್ಟಿದ್ದು, ಇವತ್ತಿಗೂ ಗಟ್ಟಿಯಾಗಿದೆ. ಹಳೆಯದು ಅಂತ ಕೈಬಿಡಬೇಡಿ.

ಮಡಗಾಂವ್_ಕೋಡ್

ಔಂಧ್ ಸಾರ್ ಹೇಳಿದ ದುಡಿಮೆಯ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಮಾರುವ ವಿಷಯದಲ್ಲಿ ನಾನು ಸ್ಟೋರ್ ಕಡೆ. ಸ್ಟೋರ್ ಅಂದ ತಕ್ಷಣ ಎಲ್ಲರೂ 30% ಅಂತ ಹೆದರಿಸುತ್ತಾರೆ. 2011ರ ಜನವರಿಯಲ್ಲಿ ಮ್ಯಾಕ್ ಆ್ಯಪ್ ಸ್ಟೋರ್ ತೆರೆದಾಗ ಅಷ್ಟಿತ್ತು ನಿಜ. 2021ರಿಂದ ಸಣ್ಣವರಿಗೆ 15%. ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ಇದ್ದರೆ ಸಾಕು. ತಾನಾಗಿ ಸಿಗುವುದಿಲ್ಲ, ಅರ್ಜಿ ಹಾಕಿಕೊಳ್ಳಬೇಕು, ಅದನ್ನು ಮರೆಯಬೇಡಿ.

ಲೆಕ್ಕ ನೋಡೋಣ. ಸ್ವಂತ ವೆಬ್‌ಸೈಟ್‌ನಲ್ಲಿ ಮಾರುವವರು ಪ್ಯಾಡಲ್ ತರಹದ ಮಧ್ಯವರ್ತಿ ಕಂಪನಿಗಳ ಮೂಲಕ ಮಾರುತ್ತಾರೆ, ಅವರ ದರ 5% ಮತ್ತು ಪ್ರತಿ ಮಾರಾಟಕ್ಕೆ 50 ಸೆಂಟ್. 20 ಡಾಲರ್ ಆ್ಯಪ್‌ಗೆ ಅಲ್ಲಿ ಕೈಗೆ 18.50 ಸಿಕ್ಕರೆ, ಸ್ಟೋರ್‌ನಲ್ಲಿ 17. 5 ಡಾಲರ್ ಆ್ಯಪ್ ಆದರೆ ಎರಡು ಕಡೆಯೂ 4.25, ವ್ಯತ್ಯಾಸವೇ ಇಲ್ಲ. ಆ ಒಂದೂವರೆ ಡಾಲರ್‌ಗೆ ಸ್ಟೋರ್‌ನವರು ಡೌನ್‌ಲೋಡ್, ಅಪ್‌ಡೇಟ್, ಹಣ ವಾಪಸ್ ಮಾಡುವುದು, ಬೇರೆ ಬೇರೆ ದೇಶದ ತೆರಿಗೆ, ಎಲ್ಲ ನೋಡಿಕೊಳ್ಳುತ್ತಾರೆ. ಲೈಸೆನ್ಸ್ ಕೀ ಕಳೆದುಹೋಯಿತು ಅನ್ನುವ ಮೇಲ್ ನನಗೆ ಬರುವುದೇ ಇಲ್ಲ. ನಾನು ಮಡಗಾಂವ್‌ನಲ್ಲಿ ಒಬ್ಬನೇ ಕೂತು ಕೆಲಸ ಮಾಡುತ್ತೇನೆ, ಮಗು ಸಣ್ಣದಿದೆ, ನನಗೆ ಉಳಿಯುವ ಸಮಯವೇ ದೊಡ್ಡ ಲಾಭ.

ಇನ್ನೊಂದು, ಹೆಸರಿಲ್ಲದ ಹೊಸಬನ ವೆಬ್‌ಸೈಟ್‌ನಿಂದ ಡಿಎಂಜಿ (ಆ್ಯಪ್ ತುಂಬಿದ ಫೈಲ್) ಇಳಿಸಿಕೊಳ್ಳಲು ಜನ ಹಿಂದೆಮುಂದೆ ನೋಡುತ್ತಾರೆ. ಸ್ಟೋರ್‌ನಲ್ಲಿದ್ದರೆ ಆ ಹೆದರಿಕೆ ಇಲ್ಲ.

ಔಂಧ್_ಮ್ಯಾಕ್

ಮಡಗಾಂವ್‌ನವರ ಲೆಕ್ಕ ಸರಿಯಾಗಿದೆ. ನನ್ನ ತಕರಾರು ಕಮಿಷನ್ ಬಗ್ಗೆ ಅಲ್ಲವೇ ಅಲ್ಲ. ಸ್ಟೋರ್‌ನಲ್ಲಿ ಕೊಂಡವರು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ, ಅವರ ಇಮೇಲ್ ಸಿಗುವುದಿಲ್ಲ. ಹೊಸ ಓಎಸ್ ಬರುವ ಮುಂಚೆ "ಎರಡು ವಾರ ತಡೆಯಿರಿ, ಅಪ್‌ಡೇಟ್ ಬರುತ್ತಿದೆ" ಅಂತ ನಾನು ಎಲ್ಲ ಗಿರಾಕಿಗಳಿಗೂ ಬರೆಯುತ್ತೇನೆ. ಸ್ಟೋರ್ ಗಿರಾಕಿಗೆ ಹೀಗೆ ಬರೆಯಲು ದಾರಿ ಇಲ್ಲ. ಹಳೆಯ ಗಿರಾಕಿಗೆ ಅರ್ಧ ಬೆಲೆಗೆ ಮುಂದಿನ ಆವೃತ್ತಿ ಕೊಡುವ ನೇರ ವ್ಯವಸ್ಥೆಯೂ ಅಲ್ಲಿಲ್ಲ. ದುರಸ್ತಿಗೆ ದುಡ್ಡು ಎಲ್ಲಿಂದ ಬರಬೇಕು ಹಾಗಾದರೆ? ಕೊನೆಗೆ ಎಲ್ಲರೂ ಚಂದಾಕ್ಕೆ ಹೋಗುತ್ತಾರೆ. ಪಠ್ಯ ತಿದ್ದುವ ಹಳೆಯ ಆ್ಯಪ್ ಬಿಬಿಎಡಿಟ್ 2014ರಲ್ಲಿ ಸ್ಟೋರ್ ಬಿಟ್ಟಿತ್ತು, 2019ರಲ್ಲಿ ಮರಳಿ ಬಂದಾಗ ಚಂದಾದ ಮೇಲೆಯೇ ಬಂತು. ಅವರ ವೆಬ್‌ಸೈಟ್‌ನಲ್ಲಿ ಮಾತ್ರ ಒಂದೇ ಸಲ ಕೊಳ್ಳುವ ಲೈಸೆನ್ಸ್ ಮುಂದುವರಿಯಿತು.

ಸ್ಯಾಂಡ್‌ಬಾಕ್ಸ್, ಅಂದರೆ ಆ್ಯಪ್ ತನ್ನ ಜಾಗ ಬಿಟ್ಟು ಬೇರೆಡೆ ಕೈ ಹಾಕದಂತೆ ಹಾಕುವ ಬೇಲಿ, ಆ ವಿಷಯವೂ ಇದೆ. 2012ರ ಜೂನ್‌ನಿಂದ ಸ್ಟೋರ್ ಆ್ಯಪ್‌ಗಳಿಗೆ ಅದು ಕಡ್ಡಾಯ. ಹುಬ್ಬಳ್ಳಿಯವರ ಆ್ಯಪ್ ಫೋಲ್ಡರ್‌ಗಳನ್ನು ಓದಬೇಕು. ಪ್ರತಿ ಫೋಲ್ಡರ್‌ಗೂ ಬಳಕೆದಾರರೇ ಆರಿಸಿ ಒಪ್ಪಿಗೆ ಕೊಡಬೇಕು, ಆ ಒಪ್ಪಿಗೆಯನ್ನು ಬುಕ್‌ಮಾರ್ಕ್ ಮಾಡಿ ಉಳಿಸಿಕೊಳ್ಳಬೇಕು. ಮಾಡಬಹುದು, ಕೆಲಸ ಜಾಸ್ತಿ. ನನ್ನ ಪ್ರಕಾರ ಒಪ್ಪಿಗೆ ಕೇಳುವುದು ಒಳ್ಳೆಯದೇ, ಜನರ ಫೈಲ್ ಅವರದು.

ಡಿಎಂಜಿ ಹೆದರಿಕೆಗೆ ಉತ್ತರ ನೋಟರೈಸೇಶನ್. ಡೆವಲಪರ್ ಐಡಿಯಿಂದ ಸಹಿ ಮಾಡಿ ಆಪಲ್‌ಗೆ ಕಳಿಸಿದರೆ ಯಂತ್ರವೇ ವೈರಸ್ ಇದೆಯಾ ನೋಡಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ವಾಪಸ್ ಕೊಡುತ್ತದೆ. ಇದು ಸ್ಟೋರ್‌ನ ಪರಿಶೀಲನೆ ಅಲ್ಲ, ಯಾರೂ ನಿಮ್ಮ ಬಟನ್ ಬಣ್ಣ ಕೇಳುವುದಿಲ್ಲ. ಮೊದಲೆಲ್ಲ ಇದಿಲ್ಲದ ಆ್ಯಪ್ ಅನ್ನು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ತೆರೆಯಬಹುದಿತ್ತು. ಸಿಕ್ವೋಯಾದಲ್ಲಿ ಅದನ್ನೂ ತೆಗೆದರು, ಈಗ ಸೆಟ್ಟಿಂಗ್ಸ್ ಒಳಗೆ ಹೋಗಿ ಒಪ್ಪಿಗೆ ಕೊಡಬೇಕು. ಹೊಸ ಗಿರಾಕಿ ಅಷ್ಟು ದೂರ ಬರುವುದಿಲ್ಲ. ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಿ, ನೋಟರೈಸ್ ಮಾಡಿಸಿ. ಅಪ್‌ಡೇಟ್‌ಗೆ ಸ್ಪಾರ್ಕಲ್ ಇದೆ, 2006ರಿಂದ ಮ್ಯಾಕ್ ಜಗತ್ತು ಅದನ್ನು ನಂಬಿದೆ, ಉಚಿತ.

ಚಂದಾ ನನಗೆ ಸರಿ ಬರುವುದಿಲ್ಲ. ನಾನು ಮಾಡುವುದು ಹೀಗೆ: ಒಂದು ಸಲ ಕೊಂಡರೆ ಆ್ಯಪ್ ಯಾವಾಗಲೂ ಅವರದೇ, ಒಂದು ವರ್ಷದ ಅಪ್‌ಡೇಟ್ ಅದರಲ್ಲೇ. ಆಮೇಲೆ ಬೇಕಿದ್ದರೆ ಇನ್ನೊಂದು ವರ್ಷಕ್ಕೆ ಕಡಿಮೆ ಬೆಲೆಗೆ ಕೊಳ್ಳಬಹುದು, ಬೇಡವಾದರೆ ಇದ್ದ ಆವೃತ್ತಿಯನ್ನೇ ಬಳಸಬಹುದು. ನಾನು ಕೆಲಸ ಮಾಡಿದ ವರ್ಷಕ್ಕೆ ದುಡ್ಡು ಬರುತ್ತದೆ, ಮಾಡದಿದ್ದರೆ ಬರುವುದಿಲ್ಲ. ಇಬ್ಬರಿಗೂ ನ್ಯಾಯ.

ಡೊಂಬಿವಲಿ_ಅಚ್ಚು

ನಾನು ಕೋಡ್ ಬರೆಯುವವಳಲ್ಲ, ಕೊಳ್ಳುವವಳು. ಡೊಂಬಿವಲಿಯಲ್ಲಿ ಮನೆಯಿಂದಲೇ ಕನ್ನಡ ಪುಸ್ತಕ, ಸಂಘದ ಸ್ಮರಣ ಸಂಚಿಕೆ, ಮದುವೆ ಕಾಗದ ಎಲ್ಲ ಮ್ಯಾಕ್‌ನಲ್ಲಿ ಪುಟ ಕಟ್ಟಿ ಕೊಡುತ್ತೇನೆ. ಔಂಧ್‌ನವರು ಹೇಳಿದ ದುರಸ್ತಿಯ ಮಾತು ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಹೇಳುತ್ತೇನೆ. ಟಿಪ್ಪಣಿ ಇಡುವ ಒಂದು ಆ್ಯಪ್‌ನಲ್ಲಿ ನನ್ನ ಎಲ್ಲ ಗಿರಾಕಿಗಳ ವಿವರ ಇಟ್ಟಿದ್ದೆ. ಮಾಡಿದವರು ಒಂದು ದಿನ ಹೇಳದೆ ನಿಲ್ಲಿಸಿಬಿಟ್ಟರು. ವೆಬ್‌ಸೈಟೂ ಇಲ್ಲ, ಮೇಲ್‌ಗೆ ಉತ್ತರವೂ ಇಲ್ಲ. ಒಳಗಿದ್ದದ್ದನ್ನು ಹೊರತೆಗೆಯುವ ದಾರಿ ಇರಲಿಲ್ಲ, ಕೂತು ಕೈಯಲ್ಲಿ ಬರೆದುಕೊಂಡೆ. ಅವತ್ತಿನಿಂದ ಕೊಳ್ಳುವ ಮುಂಚೆ ನೋಡುವುದು ಎರಡೇ. ಹೋದ ತಿಂಗಳೋ ಅದರ ಹಿಂದಿನ ತಿಂಗಳೋ ಅಪ್‌ಡೇಟ್ ಬಂದಿದೆಯಾ, ನನ್ನ ಡೇಟಾ ಸಾದಾ ಫೈಲ್ ಆಗಿ ಹೊರಗೆ ಬರುತ್ತದಾ. ಇವೆರಡು ಇದ್ದರೆ ದುಡ್ಡು ಜಾಸ್ತಿಯಾದರೂ ಕೊಡುತ್ತೇನೆ.

ಹುಬ್ಬಳ್ಳಿಯ ತಮ್ಮ, ನಿನ್ನ ಆ್ಯಪ್ ಕನ್ನಡ ಹುಡುಕುತ್ತದಾ? ನನ್ನ ಹತ್ತಿರ ಇರುವ ಹುಡುಕುವ ಆ್ಯಪ್‌ಗಳು ಕನ್ನಡದಲ್ಲಿ ಅರ್ಧಂಬರ್ಧ. "ಪುಣೆಯಲ್ಲಿ" ಸಿಗುತ್ತದೆ, "ಮಡಗಾಂವ್‌ನಲ್ಲಿ" ಒಮ್ಮೆ ಸಿಗುತ್ತದೆ ಒಮ್ಮೆ ಇಲ್ಲ. ಫೈಲ್ ಹೆಸರಲ್ಲಿ "ಕೋಲಾರ" ಅಂತ ಇದ್ದರೂ ಕೆಲವು ಹಳೆಯ ಡಿಸ್ಕ್‌ನಲ್ಲಿ ಸಿಗುವುದಿಲ್ಲ. ನುಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ಹಳೆಯ ಪುಸ್ತಕಗಳಂತೂ ಕೇಳಲೇಬೇಡ.

ಔಂಧ್_ಮ್ಯಾಕ್

ಅಕ್ಕ, ನೀವು ಹೇಳಿದ ಮೂರಕ್ಕೂ ಬೇರೆ ಬೇರೆ ಕಾರಣ ಇದೆ, ಹುಬ್ಬಳ್ಳಿಯವರು ಇದನ್ನು ಗಮನವಿಟ್ಟು ಓದಬೇಕು.

ಮಡಗಾಂವ್ ಪಕ್ಕದ "ನಲ್ಲಿ" ಒತ್ತಕ್ಷರವಾಗದೆ ಬಿಡಿಯಾಗಿ ನಿಲ್ಲಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತಾರೆ, ಝಡ್‌ಡಬ್ಲ್ಯೂಎನ್‌ಜೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಹುಡುಕುವ ಮೊದಲು ಎರಡೂ ಕಡೆ ಅದನ್ನು ತೆಗೆದು ಹೋಲಿಸಬೇಕು. ಕೋಲಾರದ್ದು ಬೇರೆ. "ಕೋ" ಅನ್ನುವುದರಲ್ಲಿರುವ ಸ್ವರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್ ಡಿಸ್ಕ್‌ನಲ್ಲಿ ಫೈಲ್ ಇಡುವ ಹಿಂದಿನ ಪದ್ಧತಿ) ಡಿಸ್ಕ್ ಫೈಲ್ ಹೆಸರನ್ನು ತುಂಡು ಮಾಡಿಯೇ ಇಡುತ್ತಿತ್ತು. 2017ರಿಂದ ಬಂದ ಎಪಿಎಫ್‌ಎಸ್ ಕೊಟ್ಟಂತೆಯೇ ಇಡುತ್ತದೆ. ಆಪಲ್‌ನ ಕೋಡ್ ಭಾಷೆ ಸ್ವಿಫ್ಟ್‌ನ ಸ್ಟ್ರಿಂಗ್ (ಬರಹ ಇಡುವ ಬಗೆ) ಎರಡನ್ನೂ ಸಮ ಅನ್ನುತ್ತದೆ, ಬೈಟ್‌ಗಳನ್ನು ನೇರ ಹೋಲಿಸುವ ಇಂಡೆಕ್ಸ್ (ಹುಡುಕಲು ಮಾಡಿಡುವ ಪದಪಟ್ಟಿ) ಸಮ ಅನ್ನುವುದಿಲ್ಲ. ಇಂಡೆಕ್ಸ್ ಮಾಡುವಾಗಲೇ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ನುಡಿಯ ಹಳೆಯ ಫೈಲ್‌ಗಳಲ್ಲಿ ಇರುವುದು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಅದಕ್ಕೆ ಪರಿವರ್ತನೆ ಬರೆಯಬೇಕು.

ಸಿಕ್ಕಿದ ಪದವನ್ನು ಹಳದಿ ಬಣ್ಣದಲ್ಲಿ ತೋರಿಸುವಾಗಲೂ ಎಚ್ಚರ. "ಸ್ತ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ, ಆಪಲ್‌ನ ಹಳೆಯ ಸ್ಟ್ರಿಂಗ್ ಆದ ಎನ್‌ಎಸ್‌ಸ್ಟ್ರಿಂಗ್‌ಗೆ ಉದ್ದ 6. ಸ್ವಿಫ್ಟ್‌ನ ಎಣಿಕೆ ಇನ್ನೂ ಬೇರೆ. ಎರಡನ್ನು ಬೆರೆಸಿದರೆ ಬಣ್ಣ ಪಕ್ಕದ ಪದದ ಮೇಲೆ ಬೀಳುತ್ತದೆ.

ಇದನ್ನೆಲ್ಲ ಸರಿಯಾಗಿ ಮಾಡಿದರೆ ಹಿಂದಿ, ಮರಾಠಿ, ತಮಿಳಿಗೂ ಅರ್ಧ ದಾರಿ ಸವೆದಂತೆ. ದೊಡ್ಡ ಕಂಪನಿಗಳು ಇಷ್ಟು ಸಣ್ಣದಕ್ಕೆ ಬಗ್ಗುವುದಿಲ್ಲ. ಒಬ್ಬರೇ ಕೆಲಸ ಮಾಡುವ ನಮ್ಮಂಥವರಿಗೆ ಜಾಗ ಇರುವುದು ಇಲ್ಲೇ.

ಮಾಟುಂಗಾ_ಲೆಕ್ಕ

ನಾನು ಸಿಎ. ಕೋಡ್ ಗೊತ್ತಿಲ್ಲ ಮಾರಾಯ್ರೆ, ಆದರೆ ಈ ತರಹದ ಹುಡುಗರ ಲೆಕ್ಕ ನೋಡುತ್ತೇನೆ. ಎಲ್ಲಕ್ಕಿಂತ ಮೊದಲು ನಿಮ್ಮ ಈಗಿನ ಕಂಪನಿಯ ಅಪಾಯಿಂಟ್‌ಮೆಂಟ್ ಪತ್ರ ತೆಗೆದು ಓದಿ. ಕೆಲಸದಲ್ಲಿದ್ದಾಗ ನೀವು ಬರೆದದ್ದೆಲ್ಲ ಕಂಪನಿಯ ಆಸ್ತಿ ಅನ್ನುವ ಸಾಲು ಎಷ್ಟೋ ಪತ್ರಗಳಲ್ಲಿ ಇರುತ್ತದೆ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲೂ ಬರೆಯಬೇಡಿ. ಮಾರಾಟ ಶುರು ಮಾಡುವ ಮುಂಚೆ ಲಿಖಿತ ಒಪ್ಪಿಗೆ ತಗೊಳ್ಳಿ, ಇಲ್ಲವಾದರೆ ವಕೀಲರಿಗೆ ತೋರಿಸಿ.

ಜಿಎಸ್‌ಟಿ: ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ, ಹೊರದೇಶದ ಮಾರಾಟವೂ ಇದರಲ್ಲಿ ಸೇರುತ್ತದೆ. ರಫ್ತಿಗೆ ತೆರಿಗೆ ಸೊನ್ನೆ. ಆದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಸಲ್ಲಿಸಬೇಕು, ಫಾರ್ಮ್ ಆರ್‌ಎಫ್‌ಡಿ-11. ಹೊರಗಿಂದ ದುಡ್ಡು ಬಂದದ್ದಕ್ಕೆ ಬ್ಯಾಂಕ್‌ನಿಂದ ಕಾಗದ ತೆಗೆದಿಡಿ. ಸಂಬಳದವರಿಗೆ ಅಭ್ಯಾಸ ಇಲ್ಲದ್ದು ಅಡ್ವಾನ್ಸ್ ಟ್ಯಾಕ್ಸ್: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ಎಲ್ಲ 15ನೇ ತಾರೀಕು. ಮಹಾರಾಷ್ಟ್ರದಲ್ಲಿ ಸ್ವಂತ ವೃತ್ತಿಯವರು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಕಟ್ಟಬೇಕು.

ಮಡಗಾಂವ್_ಕೋಡ್

ಸಿಎ ಸಾರ್ ಹೇಳಿದ್ದಕ್ಕೆ ಸೇರಿಸಿ. ಸ್ಟೋರ್‌ನಲ್ಲಿ ಒಬ್ಬ ವ್ಯಕ್ತಿಯಾಗಿ ಸೇರಿದರೆ ಮಾರುವವರ ಹೆಸರಿನ ಜಾಗದಲ್ಲಿ ನಿಮ್ಮ ಸ್ವಂತ ಹೆಸರೇ ಬರುತ್ತದೆ. ಯುರೋಪಿನಲ್ಲಿ ವ್ಯಾಪಾರಿಯಾಗಿ ಮಾರುವುದಾದರೆ ವಿಳಾಸ, ಫೋನ್, ಇಮೇಲ್ ಸಾರ್ವಜನಿಕವಾಗಿ ಕಾಣುತ್ತದೆ. 2025ರ ಫೆಬ್ರವರಿಯಿಂದ ವ್ಯಾಪಾರಿ ಹೌದಾ ಅಲ್ಲವಾ ಅನ್ನುವ ಮಾಹಿತಿ ಕೊಡದ ಆ್ಯಪ್‌ಗಳನ್ನು ಅಲ್ಲಿನ ಸ್ಟೋರ್‌ನಿಂದ ತೆಗೆದರು. ಮನೆ ವಿಳಾಸದ ಬದಲು ಪೋಸ್ಟ್ ಬಾಕ್ಸ್, ಬೇರೆ ಫೋನ್ ನಂಬರ್ ಮೊದಲೇ ಮಾಡಿಕೊಳ್ಳಿ. ಹೆಣ್ಣುಮಕ್ಕಳು ಒಬ್ಬರೇ ಇರುವವರು ಇದನ್ನು ಮರೆಯಲೇಬಾರದು.

ಹಿಂಜವಡಿ_ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ನಾಚ್ ವಿಷಯ ನನ್ನ ಗೆಳೆಯನಿಗೆ ಆಗಿದೆ, ಅವನ ಯಂತ್ರದಲ್ಲೇ ತೊಂದರೆ ಅಂತ ಬಿಟ್ಟಿದ್ದೆವು. ಇವತ್ತು ಪತ್ರ ತೆಗೆದು ಓದಿದೆ, ಸಿಎ ಸಾರ್ ಹೇಳಿದ ಸಾಲು ಇದೆ. ಎಚ್‌ಆರ್ ಹತ್ತಿರ ಲಿಖಿತವಾಗಿ ಕೇಳುತ್ತೇನೆ. ಇನ್ನೆರಡು ಪ್ರಶ್ನೆ: ಬೆಲೆ ಎಷ್ಟಿಡಲಿ, ಕೆಲಸ ಯಾವಾಗ ಬಿಡಲಿ?

ಔಂಧ್_ಮ್ಯಾಕ್

ಒಪ್ಪಿಗೆ ಕೈಗೆ ಬಂದ ಮೇಲೆ ಮಾರಲು ಶುರು ಮಾಡಿ. ಸಂಬಳ ಇರುವಾಗಲೇ ಒಂದು ಪೂರ್ತಿ ಜೂನ್‌ನಿಂದ ಅಕ್ಟೋಬರ್ ಕಳೆಯಿರಿ. ಹೊಸ ಓಎಸ್ ಬಂದ ವಾರ ನಿಮ್ಮ ಮೇಲ್ ಪೆಟ್ಟಿಗೆ ಹೇಗಿರುತ್ತದೆ, ಆಮೇಲೆ ಎಷ್ಟು ಜನ ಎರಡನೇ ವರ್ಷಕ್ಕೆ ದುಡ್ಡು ಕೊಡುತ್ತಾರೆ ಅನ್ನುವುದನ್ನು ನೋಡದೆ ರಾಜೀನಾಮೆ ಬೇಡ. ಮೊದಲ ತಿಂಗಳ ಮಾರಾಟ ನಂಬಬೇಡಿ, ಅದರಲ್ಲಿ ಗೆಳೆಯರೂ ಕುತೂಹಲದವರೂ ಇರುತ್ತಾರೆ.

ಬೆಲೆ 25 ಡಾಲರ್‌ಗಿಂತ ಕಡಿಮೆ ಇಡಬೇಡಿ. 5 ಡಾಲರ್ ಕೊಟ್ಟವರೂ ಅಷ್ಟೇ ದೊಡ್ಡ ಮೇಲ್ ಬರೆಯುತ್ತಾರೆ, ಅವರಿಗೂ ಅಷ್ಟೇ ಕಾಳಜಿಯಿಂದ ಉತ್ತರಿಸಬೇಕು, ಆ ದುಡ್ಡಿನಲ್ಲಿ ಅದು ಆಗುವುದಿಲ್ಲ. ಎರಡು ವಾರ ಎಲ್ಲ ಫೀಚರ್ ಉಚಿತವಾಗಿ ಕೊಡಿ. ಹಣ ವಾಪಸ್ ಕೇಳಿದರೆ ಅವತ್ತೇ ಕೊಡಿ. ಕದ್ದು ಬಳಸುವವರ ಹಿಂದೆ ಬೀಳಬೇಡಿ. ಲೈಸೆನ್ಸ್ ಕೀಯನ್ನು ಇಂಟರ್‌ನೆಟ್ ಇಲ್ಲದೆಯೂ ಪರೀಕ್ಷಿಸುವ ಹಾಗೆ ಮಾಡಿ, ನಾಳೆ ನಿಮ್ಮ ಸರ್ವರ್ ನಿಂತರೂ ದುಡ್ಡು ಕೊಟ್ಟವರ ಆ್ಯಪ್ ನಡೆಯಬೇಕು. ಭಾರತದವರಿಗೆ ರೂಪಾಯಿಯಲ್ಲಿ ಬೇರೆ ಬೆಲೆ ಇಡಿ, ಯುಪಿಐ ಇರಲಿ.

ಡೊಂಬಿವಲಿ_ಅಚ್ಚು

ರೂಪಾಯಿ ಬೆಲೆ ಇಟ್ಟರೆ ಮೊದಲು ಕೊಳ್ಳುವವಳು ನಾನು. ತಮ್ಮ, ಅದಕ್ಕೂ ಮುಂಚೆ ಪರೀಕ್ಷೆಗೆ ಒಂದು ಫೋಲ್ಡರ್ ಕಳಿಸುತ್ತೇನೆ. ಗಿರಾಕಿಗಳ ಹೆಸರು, ಫೋನ್ ಇರುವುದನ್ನು ತೆಗೆದು, ನಾನೇ ಬರೆದ ಸಂಚಿಕೆಗಳ ಪಠ್ಯ ಮಾತ್ರ. ಒಂದಷ್ಟು ನುಡಿಯಲ್ಲಿ, ಒಂದಷ್ಟು ಬರಹ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, ಉಳಿದದ್ದು ಯೂನಿಕೋಡ್. ಹುಡುಕಬೇಕಾದ ಪದಗಳ ಪಟ್ಟಿಯನ್ನೂ ಅದರಲ್ಲೇ ಹಾಕುತ್ತೇನೆ, ಪ್ರತಿ ಪದ ಯಾವ ಫೈಲ್‌ನಲ್ಲಿ ಎಷ್ಟು ಸಲ ಬರಬೇಕು ಅಂತ ಪಕ್ಕದಲ್ಲಿ ಬರೆದಿರುತ್ತೇನೆ. ಭಾನುವಾರದೊಳಗೆ ಕಳಿಸಿದರೆ ಸಾಕಾ?